ಗಿಟಾರಿನೊಡನೆ ಹುಟ್ಟಿದ ಶಾಂತಿಗೀತೆ: ಬಡವರ ಪಾದ್ರಿ ಜೋಸೆಫ್ ಮೋರ್

ಕ್ರಿಸ್‌ಮಸ್ ಬಂತೆಂದರೆ ಜಗತ್ತಿನ ಮೂಲೆಮೂಲೆಗಳಲ್ಲೂ ‘ಸೈಲೆಂಟ್ ನೈಟ್’ ಗೀತೆ ಕೇಳಿಬರುತ್ತದೆ. ಅದನ್ನು ರಚಿಸಿದ ಜೋಸೆಫ್ ಮೋರ್ ಮಾತ್ರ ಬಡತನದಲ್ಲೇ ಹುಟ್ಟಿ ಬರಿಗೈಯಲ್ಲೇ ಕಣ್ಮುಚ್ಚಿದ ಪಾದ್ರಿ.

1792ರ ಡಿಸೆಂಬರ್ 11ರಂದು ಸಾಲ್ಜ್‌ಬರ್ಗ್‌ನಲ್ಲಿ ಅವರ ಜನನ. ತಾಯಿ ಹೆಣಿಗೆ ಕೆಲಸದಿಂದ ಸಂಸಾರ ತೂಗಿಸುತ್ತಿದ್ದರು. ಸೈನಿಕನಾಗಿದ್ದ ತಂದೆ ಜೊತೆಗಿರಲಿಲ್ಲ. ಅವಿವಾಹಿತೆಯ ಮಗನೆಂಬ ಕಳಂಕ ಹೊತ್ತ ಬಾಲಕನ ಪ್ರತಿಭೆ ಗುರುತಿಸಿ ಓದಿಸಿದವರು ಕೆಥೆಡ್ರಲ್‌ನ ಪಾದ್ರಿ ಹೀರ್ನ್ಲೆ. ವಿಶೇಷ ಅನುಮತಿ ಪಡೆದು 1815ರಲ್ಲಿ ಮೋರ್ ದೀಕ್ಷೆ ಸ್ವೀಕರಿಸಿದರು.

ನೆಪೋಲಿಯನ್ ಯುದ್ಧಗಳು ಮುಗಿದ ಮರುವರ್ಷ, 1816ರಲ್ಲಿ, ಮರಿಯಾಫಾರ್ ಗ್ರಾಮದಲ್ಲಿ ಆರು ಚರಣಗಳ ಕವಿತೆ ರಚಿಸಿದರು. ದೈವೀ ಶಿಶುವಿನ ಜನನದಿಂದ ಮನುಕುಲಕ್ಕೆ ದೊರೆವ ಶಾಂತಿಯೇ ಅದರ ತಿರುಳು. 1818ರ ಡಿಸೆಂಬರ್ 24ರಂದು ಶಾಲಾ ಶಿಕ್ಷಕ ಫ್ರಾನ್ಸ್ ಗ್ರೂಬರ್ ಅದಕ್ಕೆ ರಾಗ ಸಂಯೋಜಿಸಿದರು. ಅಂದು ರಾತ್ರಿಯೇ ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಇಬ್ಬರೂ ಹಾಡಿದರು. ಮೋರ್ ಗಿಟಾರ್ ನುಡಿಸಿದರು.

1837ರಿಂದ ವಾಗ್ರೈನ್‌ನಲ್ಲಿ ಸೇವೆ ಸಲ್ಲಿಸಿದ ಅವರು ಅಲ್ಲಿ ಬಡ ಮಕ್ಕಳಿಗಾಗಿ ಶಾಲೆ ಕಟ್ಟಿಸಲು ಶ್ರಮಿಸಿದರು. 1848ರ ಡಿಸೆಂಬರ್ 4ರಂದು ನಿಧನರಾದಾಗ ಅವರ ಬಳಿ ಆಸ್ತಿಯೇನೂ ಉಳಿದಿರಲಿಲ್ಲ.

ಗೀತೆ ಹಬ್ಬಿದರೂ ಕರ್ತೃಗಳ ಹೆಸರು ಮರೆಯಾಯಿತು. ರಾಗ ಹೇಡನ್ ಅಥವಾ ಮೊಜಾರ್ಟ್‌ನದೆಂದು ಹಲವರು ನಂಬಿದ್ದರು. 1995ರಲ್ಲಿ ಬೆಳಕಿಗೆ ಬಂದ ಮೋರ್ ಹಸ್ತಪ್ರತಿ ಸಂದೇಹ ನಿವಾರಿಸಿತು. 1966ರಲ್ಲಿ ಜಾನಪದ ರಾಕ್ ಜೋಡಿ ಸೈಮನ್ ಮತ್ತು ಗಾರ್ಫಂಕೆಲ್ ಈ ಗೀತೆಯನ್ನು ಯುದ್ಧ, ಹಿಂಸೆಯ ವಾರ್ತೆಗಳೊಡನೆ ಬೆಸೆದು ಹಾಡಿತು. ಬಡ ಪಾದ್ರಿ ಹಂಬಲಿಸಿದ ಶಾಂತಿ ಇನ್ನೂ ದೂರವೇ ಇದೆಯೆಂಬುದನ್ನು ಆ ಧ್ವನಿಮುದ್ರಿಕೆ ನೆನಪಿಸಿತು.