ಮೇರಿ ಕ್ಯೂರಿ (1867–1934): ವಿಕಿರಣದ ಶೋಧ ಮತ್ತು ಸುರಕ್ಷತೆಯ ಪಾಠ

ಎಕ್ಸ್-ರೇ ಹಾಗೂ ಸಿ.ಟಿ. ಸ್ಕ್ಯಾನ್ ಘಟಕಗಳ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರು ಅನೇಕ ಸುರಕ್ಷತಾ ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಈ ನಿಯಮಗಳು ಏಕೆ ರೂಪುಗೊಂಡವು ಎಂಬುದನ್ನು ಅರ್ಜಿದಾರರೂ, ಇಂತಹ ಪರೀಕ್ಷೆಗಳಿಗೆ ಒಳಗಾಗುವ ಸಾರ್ವಜನಿಕರೂ ತಿಳಿದಿರುವುದು ಅವಶ್ಯಕ. ಈ ಉದ್ದೇಶದಿಂದ ವಿಜ್ಞಾನಿ ಮೇರಿ ಕ್ಯೂರಿ ಅವರ ಸಂಕ್ಷಿಪ್ತ ಜೀವನ ಚರಿತ್ರೆಯನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮೇರಿ ಕ್ಯೂರಿ ಅವರು 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಜನಿಸಿದರು. ತಂದೆ ತಾಯಿ ಇಬ್ಬರೂ ಶಿಕ್ಷಕ ವೃತ್ತಿಯವರು. ರಷ್ಯಾದ ಆಳ್ವಿಕೆಯಲ್ಲಿದ್ದ ಆ ನಗರದ ವಿಶ್ವವಿದ್ಯಾಲಯದಲ್ಲಿ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಅವರು ಕೆಲವು ವರ್ಷ ಮನೆಪಾಠ ಹೇಳಿ, ಪ್ಯಾರಿಸ್‌ನಲ್ಲಿ ವೈದ್ಯಕೀಯ ಶಿಕ್ಷಣ ಪಡೆಯುತ್ತಿದ್ದ ಅಕ್ಕನಿಗೆ ನೆರವಾದರು. 1891ರಲ್ಲಿ ತಾವೂ ಪ್ಯಾರಿಸ್‌ಗೆ ತೆರಳಿ, 1893ರಲ್ಲಿ ಭೌತಶಾಸ್ತ್ರ ಪದವಿಯನ್ನು ಪ್ರಥಮ ಸ್ಥಾನದೊಂದಿಗೆ ಪಡೆದರು. 1895ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿ ಅವರನ್ನು ವಿವಾಹವಾದರು.

ಶೋಧನೆಗಳು

ಯುರೇನಿಯಂ ಲವಣಗಳು ಕಣ್ಣಿಗೆ ಕಾಣದ ಕಿರಣಗಳನ್ನು ಹೊರಸೂಸುತ್ತವೆ ಎಂಬುದನ್ನು ಹೆನ್ರಿ ಬೆಕೆರಲ್ ಅವರು 1896ರಲ್ಲಿ ಕಂಡುಹಿಡಿದರು. ಮೇರಿ ಅವರು ಈ ಕಿರಣಗಳ ತೀವ್ರತೆಯನ್ನು ಸೂಕ್ಷ್ಮ ವಿದ್ಯುತ್ ಮಾಪಕದಿಂದ ಅಳೆಯಲು ಆರಂಭಿಸಿದರು. ಪಿಚ್‌ಬ್ಲೆಂಡ್ ಎಂಬ ಅದಿರು ತನ್ನಲ್ಲಿರುವ ಯುರೇನಿಯಂನ ಪ್ರಮಾಣಕ್ಕೆ ಮೀರಿದ ಕಿರಣಗಳನ್ನು ಹೊಮ್ಮಿಸುತ್ತಿರುವುದು ಅಳತೆಯಿಂದ ತಿಳಿದುಬಂದಿತು. ಅದರಲ್ಲಿ ಅಜ್ಞಾತ ಧಾತುಗಳಿರಬೇಕೆಂದು ಊಹಿಸಿದ ದಂಪತಿಗಳು 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಧಾತುಗಳ ಶೋಧವನ್ನು ಪ್ರಕಟಿಸಿದರು. ಬಳಿಕ ಹಳೆಯ ಕೊಟ್ಟಿಗೆಯೊಂದರಲ್ಲಿ ಹಲವು ಟನ್ ಅದಿರಿನ ಶೇಷವನ್ನು ಸಂಸ್ಕರಿಸಿ, 1902ರ ವೇಳೆಗೆ ಒಂದು ಗ್ರಾಂನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಲವಣವನ್ನು ಪ್ರತ್ಯೇಕಿಸಲಾಯಿತು.

1903ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಕ್ಯೂರಿ ದಂಪತಿಗಳು ಮತ್ತು ಬೆಕೆರಲ್ ಹಂಚಿಕೊಂಡರು. 1906ರಲ್ಲಿ ಪಿಯರ್ ಅವರು ರಸ್ತೆ ಅಪಘಾತದಲ್ಲಿ ನಿಧನರಾದ ನಂತರವೂ ಮೇರಿ ಅವರು ಸಂಶೋಧನೆ ಮುಂದುವರಿಸಿ, 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೂ ಪಾತ್ರರಾದರು.

ತಡವಾಗಿ ಬಂದ ಅರಿವು

ರೇಡಿಯಂ ಚರ್ಮವನ್ನು ಸುಡುತ್ತದೆ ಎಂಬುದು ಆರಂಭದಲ್ಲಿಯೇ ತಿಳಿದಿತ್ತು. 1901ರಲ್ಲಿ ಪಿಯರ್ ಅವರು ತಮ್ಮ ತೋಳಿನ ಮೇಲೆಯೇ ಇದನ್ನು ಪರೀಕ್ಷಿಸಿದ್ದರು. ಈ ಗುಣವನ್ನು ಬಳಸಿ ಕ್ಯಾನ್ಸರ್ ಗಡ್ಡೆಗಳಿಗೆ ಚಿಕಿತ್ಸೆ ನೀಡಲಾಯಿತು. ಆದರೆ ಹೊರಗೆ ಗಾಯ ಕಾಣದಿದ್ದರೂ ವಿಕಿರಣವು ದೇಹದ ಒಳಗೆ ವರ್ಷಗಳ ನಂತರ ಹಾನಿಯನ್ನು ಪ್ರಕಟಿಸಬಲ್ಲದು ಎಂಬ ಸಂಗತಿ ಸ್ಪಷ್ಟವಾಗಲು ಎರಡು ದಶಕಗಳೇ ಬೇಕಾದವು. ಅಮೆರಿಕದಲ್ಲಿ ಗಡಿಯಾರದ ಮುಖಫಲಕಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಮಹಿಳಾ ಕಾರ್ಮಿಕರು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುತ್ತಿದ್ದರು. ಅವರಲ್ಲಿ ಅನೇಕರು 1920ರ ದಶಕದಲ್ಲಿ ದವಡೆಯ ಮೂಳೆ ಕೊಳೆತು, ರಕ್ತಹೀನತೆಗೆ ಒಳಗಾಗಿ ಮೃತಪಟ್ಟರು.

ಮೊದಲ ಮಹಾಯುದ್ಧದಲ್ಲಿ ಮೇರಿ ಅವರು ಸುಮಾರು 20 ಎಕ್ಸ್-ರೇ ವಾಹನಗಳನ್ನು ಮತ್ತು 200 ಎಕ್ಸ್-ರೇ ಕೊಠಡಿಗಳನ್ನು ಸಜ್ಜುಗೊಳಿಸಿ, ಗಾಯಾಳು ಸೈನಿಕರ ದೇಹದಲ್ಲಿನ ಗುಂಡುಗಳನ್ನು ಪತ್ತೆ ಹಚ್ಚಲು ನೆರವಾದರು. ಮಗಳು ಐರೀನ್ ಅವರೊಂದಿಗೆ ತಾವೇ ಯಂತ್ರಗಳನ್ನು ನಿರ್ವಹಿಸಿದರು. ಅಂದು ಸಮರ್ಪಕ ರಕ್ಷಣಾ ಕವಚಗಳಿರಲಿಲ್ಲ.

ಮೇರಿ ಅವರು 1934ರ ಜುಲೈ 4ರಂದು ಏಪ್ಲಾಸ್ಟಿಕ್ ಅನೀಮಿಯಾದಿಂದ ನಿಧನರಾದರು. ಮೂಳೆ ಮಜ್ಜೆಯು ರಕ್ತಕಣಗಳನ್ನು ಉತ್ಪಾದಿಸುವ ಶಕ್ತಿಯನ್ನು ಕಳೆದುಕೊಳ್ಳುವುದೇ ಈ ಕಾಯಿಲೆ. 1995ರಲ್ಲಿ ಅವರ ಪಾರ್ಥಿವ ಶರೀರವನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಸ್ಥಳಾಂತರಿಸುವ ಸಂದರ್ಭದಲ್ಲಿ ಪರೀಕ್ಷೆ ನಡೆಸಲಾಗಿ, ಶವಪೆಟ್ಟಿಗೆಯಲ್ಲಿನ ವಿಕಿರಣ ಪ್ರಮಾಣವು ನಿರೀಕ್ಷೆಗಿಂತ ಕಡಿಮೆಯಿತ್ತು. ಆದುದರಿಂದ ಅವರ ಕಾಯಿಲೆಗೆ ರೇಡಿಯಂಗಿಂತ ಯುದ್ಧಕಾಲದ ಎಕ್ಸ್-ಕಿರಣಗಳೇ ಹೆಚ್ಚು ಕಾರಣವಾಗಿರಬಹುದೆಂದು ತಜ್ಞರು ಅಭಿಪ್ರಾಯಪಟ್ಟರು. ಅವರ ಪ್ರಯೋಗ ಪುಸ್ತಕಗಳಿಗೆ ಅಂಟಿರುವ ರೇಡಿಯಂ ಇಂದಿಗೂ ಕಿರಣ ಸೂಸುತ್ತಿದೆ. ಅದು ಅರ್ಧದಷ್ಟು ಕ್ಷಯಿಸಲು ಸುಮಾರು 1,600 ವರ್ಷಗಳು ಬೇಕು.

ಅಳತೆಯೇ ರಕ್ಷಣೆಯ ಆಧಾರ

ಕಾಣದ, ವಾಸನೆಯಿಲ್ಲದ ಅಪಾಯವನ್ನು ನಿಯಂತ್ರಿಸಬೇಕಾದರೆ ಮೊದಲು ಅದನ್ನು ಅಳೆಯಬೇಕು. 1911ರಲ್ಲಿ ಮೇರಿ ಅವರು ಸಿದ್ಧಪಡಿಸಿದ ರೇಡಿಯಂ ಮಾದರಿಯನ್ನು ಅಂತರರಾಷ್ಟ್ರೀಯ ಮಾನಕವಾಗಿ ಸ್ವೀಕರಿಸಲಾಯಿತು. ಇದರಿಂದ ಬೇರೆ ಬೇರೆ ದೇಶಗಳ ಅಳತೆಗಳನ್ನು ಹೋಲಿಸುವುದು ಸಾಧ್ಯವಾಯಿತು. 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಸಮಿತಿ ರಚನೆಗೊಂಡಿತು. ಭಾರತದಲ್ಲಿ 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಸ್ಥಾಪಿಸಲಾಯಿತು. ವಿಕಿರಣ ಕಾರ್ಯಕರ್ತರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಹಾಗೂ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿಯನ್ನು ನಿಗದಿಪಡಿಸಲಾಗಿದೆ. ರೋಗಿಯ ಚಿಕಿತ್ಸೆ ಅಥವಾ ತಪಾಸಣೆಗೆ ಬಳಸುವ ವಿಕಿರಣಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಅಲ್ಲಿ ವೈದ್ಯರು ಪ್ರಯೋಜನ ಮತ್ತು ಅಪಾಯ ಎರಡನ್ನೂ ತೂಗಿ ನಿರ್ಧರಿಸುತ್ತಾರೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ವೈದ್ಯರು ಸೂಚಿಸಿದ ಎಕ್ಸ್-ರೇ ಪರೀಕ್ಷೆಯನ್ನು ಭಯದಿಂದ ನಿರಾಕರಿಸಬಾರದು. ವೈದ್ಯರ ಸಲಹೆಯಿಲ್ಲದೆ ಮಾಡಿಸಿಕೊಳ್ಳಲೂಬಾರದು.
2. ಗರ್ಭಿಣಿಯರು ಹಾಗೂ ಗರ್ಭ ಧರಿಸಿರುವ ಸಾಧ್ಯತೆ ಇರುವವರು ಪರೀಕ್ಷೆಗೆ ಮುನ್ನವೇ ಸಿಬ್ಬಂದಿಗೆ ತಿಳಿಸತಕ್ಕದ್ದು.
3. ಹಿಂದಿನ ಪರೀಕ್ಷೆಗಳ ಫಿಲ್ಮ್ ಮತ್ತು ವರದಿಗಳನ್ನು ಜೊತೆಗೆ ತಂದಲ್ಲಿ ಅನಗತ್ಯ ಪುನರಾವರ್ತನೆಯನ್ನು ತಪ್ಪಿಸಬಹುದು.
4. ಘಟಕದ ಮಾಲೀಕರು ಸಿಬ್ಬಂದಿಗೆ ವಿಕಿರಣ ಮಾಪಕ ಬಿಲ್ಲೆ ಮತ್ತು ಸೀಸದ ಏಪ್ರನ್ ಒದಗಿಸತಕ್ಕದ್ದು.

ಮೇರಿ ಕ್ಯೂರಿ ಅವರ ಕಾಲದಲ್ಲಿ ಇಂತಹ ನಿಯಮಗಳಿರಲಿಲ್ಲ. ಅವರ ಪೀಳಿಗೆಯವರು ತಮ್ಮ ಆರೋಗ್ಯವನ್ನೇ ತೆತ್ತು ಗಳಿಸಿಕೊಟ್ಟ ಅರಿವು ಇಂದು ನಿಯಮಗಳ ರೂಪದಲ್ಲಿದೆ. ಅವುಗಳನ್ನು ಪಾಲಿಸಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.