ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಹಿಂದಿನ ಸೆನೆಟರ್

ಸಂಘ ಸಂಸ್ಥೆಗಳ ವೇದಿಕೆಯಲ್ಲಿ ಅತಿಥಿಗಳ ಪರಿಚಯ ಮಾಡಿಕೊಡುವಾಗ ‘ಫುಲ್‌ಬ್ರೈಟ್ ವಿದ್ವಾಂಸರು’ ಎಂಬ ಮಾತು ಕಿವಿಗೆ ಬೀಳುವುದುಂಟು. ಎ.ಕೆ. ರಾಮಾನುಜನ್ ಹಾಗೂ ಗಿರೀಶ ಕಾರ್ನಾಡರ ಹೆಸರಿನೊಂದಿಗೂ ಈ ಮಾತು ಸೇರಿಕೊಂಡಿದೆ. ಆದರೆ ಫುಲ್‌ಬ್ರೈಟ್ ಎನ್ನುವುದು ಒಬ್ಬ ವ್ಯಕ್ತಿಯ ಹೆಸರು, ಅವರು ಅಮೆರಿಕದ ಸೆನೆಟ್‌ನಲ್ಲಿ ಮೂವತ್ತು ವರ್ಷ ಸದಸ್ಯರಾಗಿದ್ದ ರಾಜಕಾರಣಿ ಎಂಬುದು ಹೆಚ್ಚಿನವರಿಗೆ ತಿಳಿದಿರಲಾರದು.

ಜೇಮ್ಸ್ ವಿಲಿಯಂ ಫುಲ್‌ಬ್ರೈಟ್ ಹುಟ್ಟಿದ್ದು 1905ರ ಏಪ್ರಿಲ್ 9ರಂದು, ಮಿಸೌರಿ ರಾಜ್ಯದ ಸಮ್ನರ್‌ನಲ್ಲಿ. ಬೆಳೆದದ್ದು ನೆರೆಯ ಅರ್ಕನ್ಸಾಸ್ ರಾಜ್ಯದ ಫೆಯೆಟ್‌ವಿಲ್ ಎಂಬ ಊರಿನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ತೆರಳಿದರು. (ಮುಂದೆ ಕಾರ್ನಾಡರು ಆಕ್ಸ್‌ಫರ್ಡ್‌ಗೆ ಹೋದದ್ದೂ ಇದೇ ರೋಡ್ಸ್ ವೇತನದ ಮೇಲೆಯೇ.) ಊರು ಬಿಟ್ಟು ಹೊರಗೆ ಕಾಣದ ಹುಡುಗನಿಗೆ ಆ ವರ್ಷಗಳು ಕಣ್ಣು ತೆರೆಸಿದವು. ಮರಳಿ ಬಂದು ಕಾನೂನು ಓದಿ, ಪಾಠ ಹೇಳಿ, 1939ರಲ್ಲಿ ಕೇವಲ 34ರ ವಯಸ್ಸಿನಲ್ಲಿ ಅರ್ಕನ್ಸಾಸ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು.

ಈ ಹುದ್ದೆ ಎರಡೇ ವರ್ಷದಲ್ಲಿ ಕೈತಪ್ಪಿತು. ತಾಯಿ ರಾಬರ್ಟಾ ಅವರು ಊರಿನ ದಿನಪತ್ರಿಕೆ ನಡೆಸುತ್ತಿದ್ದು, ಅದರಲ್ಲಿ ಹೋಮರ್ ಆಡ್ಕಿನ್ಸ್ ಎಂಬವರನ್ನು ಕಟುವಾಗಿ ಟೀಕಿಸಿದ್ದರು. ಅದೇ ಆಡ್ಕಿನ್ಸ್ ರಾಜ್ಯಪಾಲರಾದಾಗ ಸಿಟ್ಟು ಮಗನ ಮೇಲೆ ತಿರುಗಿತು. ಫುಲ್‌ಬ್ರೈಟ್ 1942ರಲ್ಲಿ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು. 1944ರಲ್ಲಿ ಸೆನೆಟ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ ನಡೆದಾಗ ಸೋಲಿಸಿದ್ದು ಬೇರಾರನ್ನೂ ಅಲ್ಲ, ಆಡ್ಕಿನ್ಸ್ ಅವರನ್ನೇ! ಆ ಕಾಲದ ದಕ್ಷಿಣ ರಾಜ್ಯಗಳಲ್ಲಿ ಈ ಒಳಚುನಾವಣೆ ಗೆದ್ದರೆ ಮುಂದಿನದ್ದು ಬರೀ ಶಾಸ್ತ್ರಕ್ಕೆ.

ಅವರ ಹೆಸರು ಉಳಿಸಿದ ಕಾಯ್ದೆಯ ಹಿಂದೆ ಒಂದು ವ್ಯವಹಾರ ಜಾಣ್ಮೆಯಿದೆ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಲಾರಿ, ಯಂತ್ರ, ಸಾಮಗ್ರಿಗಳು ನಾನಾ ದೇಶಗಳಲ್ಲಿ ಬಿದ್ದಿದ್ದವು. ವಾಪಸು ಸಾಗಿಸುವುದು ದುಬಾರಿ. ಕೊಳ್ಳುವ ದೇಶಗಳ ಬಳಿ ಡಾಲರ್ ಇಲ್ಲ. ಹಾಗಿದ್ದರೆ ಅವರವರ ನಾಣ್ಯದಲ್ಲೇ ಬೆಲೆ ತೆಗೆದುಕೊಂಡು, ಆ ಹಣವನ್ನು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ದೇಶದಿಂದ ದೇಶಕ್ಕೆ ಹೋಗಿ ಬರಲು ಬಳಸೋಣ ಎಂದು ಫುಲ್‌ಬ್ರೈಟ್ 1945ರ ಸೆಪ್ಟೆಂಬರಿನಲ್ಲಿ ಮಸೂದೆ ಮಂಡಿಸಿದರು. ತೆರಿಗೆದಾರರ ಜೇಬಿಗೆ ಕೈ ಹಾಕುವ ಯೋಜನೆಯಲ್ಲವಾದ್ದರಿಂದ ಸದ್ದುಗದ್ದಲವಿಲ್ಲದೆ ಅಂಗೀಕಾರವಾಯಿತು. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು.

ಭಾರತದೊಂದಿಗಿನ ಒಪ್ಪಂದಕ್ಕೆ 1950ರ ಫೆಬ್ರವರಿಯಲ್ಲಿ ಪ್ರಧಾನಿ ನೆಹರೂ ಸಹಿ ಮಾಡಿದರು. ಮೈಸೂರಿನ ರಾಮಾನುಜನ್ 1959ರಲ್ಲಿ ಭಾಷಾವಿಜ್ಞಾನ ಕಲಿಯಲು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಈ ವೇತನದ ಮೇಲೆ. ಮುಂದೆ ಷಿಕಾಗೋದಲ್ಲಿ ನೆಲೆಸಿ, ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು 1973ರಲ್ಲಿ ಇಂಗ್ಲಿಷ್ ಓದುಗರ ಮುಂದಿಟ್ಟರು. 1987-88ರಲ್ಲಿ ಅದೇ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಫುಲ್‌ಬ್ರೈಟ್ ನಾಟಕಕಾರರಾಗಿ ಹೋದ ಕಾರ್ನಾಡರು, ರಾಮಾನುಜನ್ ಬಾಯಿಂದ ಕೇಳಿದ್ದ ಕನ್ನಡದ ಜನಪದ ಕತೆಗಳಿಂದ ‘ನಾಗಮಂಡಲ’ ಬರೆದರು. 2008ರಲ್ಲಿ ಎರಡೂ ಸರಕಾರಗಳು ವೆಚ್ಚವನ್ನು ಸಮವಾಗಿ ಭರಿಸುವ ಹೊಸ ಒಪ್ಪಂದವಾಗಿ, ವೇತನಕ್ಕೆ ನೆಹರೂ ಹೆಸರೂ ಸೇರಿತು.

ಸೆನೆಟ್‌ನಲ್ಲಿ ಫುಲ್‌ಬ್ರೈಟ್ ಒಂಟಿಯಾಗಿ ನಿಲ್ಲಲು ಅಂಜಿದವರಲ್ಲ. ಎಲ್ಲೆಲ್ಲೂ ಕಮ್ಯುನಿಸ್ಟರನ್ನೇ ಕಾಣುತ್ತಿದ್ದ ಜೋಸೆಫ್ ಮೆಕಾರ್ಥಿ ಅವರ ತನಿಖಾ ಉಪಸಮಿತಿಗೆ ಹಣ ಮಂಜೂರು ಮಾಡುವ ಪ್ರಸ್ತಾವ 1954ರಲ್ಲಿ ಮತಕ್ಕೆ ಬಂದಾಗ 85 ಮಂದಿ ಹೌದು ಎಂದರು. ಇಲ್ಲ ಎಂದವರು ಇವರೊಬ್ಬರೇ. ಮೆಕಾರ್ಥಿ ಇವರ ಹೆಸರಿನ ‘ಫುಲ್’ ತೆಗೆದು ‘ಹಾಫ್’ ಸೇರಿಸಿ ಹಂಗಿಸುತ್ತಿದ್ದರು.

ಆದರೆ ಇದೇ ಧೈರ್ಯ ಸ್ವಂತ ರಾಜ್ಯದ ಕರಿಯರ ವಿಷಯಕ್ಕೆ ಬಂದಾಗ ಎಲ್ಲಿ ಹೋಯಿತು? ಕರಿಯ ಹಾಗೂ ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಸಲ್ಲದೆಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ವಿರೋಧಿಸಿ 1956ರಲ್ಲಿ ದಕ್ಷಿಣದ ಸಂಸದರು ಹೊರಡಿಸಿದ ಹೇಳಿಕೆಗೆ ಫುಲ್‌ಬ್ರೈಟ್ ಸಹಿ ಹಾಕಿದರು. ಮರುವರ್ಷ ಅರ್ಕನ್ಸಾಸ್‌ನದೇ ಲಿಟ್ಲ್ ರಾಕ್ ನಗರದಲ್ಲಿ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಶಾಲೆಗೆ ಸೇರಿಸಲು ಸೇನೆ ಬರಬೇಕಾದಾಗಲೂ ಅವರು ಬಾಯಿ ಬಿಡಲಿಲ್ಲ. 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆ ಎರಡನ್ನೂ ವಿರೋಧಿಸಿದರು. ಬೆಂಬಲಿಸಿದ್ದರೆ ಸ್ಥಾನ ಹೋಗುತ್ತಿತ್ತು ಎಂಬುದು ಅವರ ಸಮರ್ಥನೆ. ಅದು ಸುಳ್ಳಲ್ಲದಿರಬಹುದು. ಆದರೆ ದೂರದ ದೇಶದ ಮಕ್ಕಳಿಗೆ ಅಮೆರಿಕದ ವಿದ್ಯಾಲಯದ ಬಾಗಿಲು ತೆರೆದವರು ತಮ್ಮೂರಿನ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು ಮುಂದಾಗಲಿಲ್ಲ ಎಂಬ ಕಳಂಕ ಅದರಿಂದ ತೊಡೆದುಹೋಗುವುದಿಲ್ಲ. ಇದಕ್ಕೆ ಅವರು ಬೆಲೆಯನ್ನೂ ತೆತ್ತರು. 1960ರಲ್ಲಿ ಕೆನಡಿ ಅವರನ್ನು ವಿದೇಶಾಂಗ ಸಚಿವರನ್ನಾಗಿ ಮಾಡಲು ಯೋಚಿಸಿದ್ದರೂ ಈ ದಾಖಲೆ ಅಡ್ಡ ಬಂತು.

1959ರಿಂದ ಹದಿನೈದು ವರ್ಷ ಅವರು ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದರು. 1964ರ ಆಗಸ್ಟಿನಲ್ಲಿ ಗೆಳೆಯ, ಅಧ್ಯಕ್ಷ ಜಾನ್ಸನ್ ಅವರ ಮಾತು ನಂಬಿ, ವಿಯೆಟ್ನಾಂನಲ್ಲಿ ಬಲಪ್ರಯೋಗಕ್ಕೆ ಅಧಿಕಾರ ಕೊಡುವ ಟೊಂಕಿನ್ ಕೊಲ್ಲಿ ನಿರ್ಣಯವನ್ನು ತಾವೇ ಮುಂದೆ ನಿಂತು ಪಾಸು ಮಾಡಿಸಿದರು. ವಿರೋಧಿಸಿದವರು ಇಬ್ಬರೇ. ಮೋಸಹೋದೆನೆಂದು ಮನವರಿಕೆಯಾದಾಗ ಸ್ವಪಕ್ಷದ ಅಧ್ಯಕ್ಷರ ವಿರುದ್ಧವೇ ತಿರುಗಿ, 1966ರ ಫೆಬ್ರವರಿಯಲ್ಲಿ ಯುದ್ಧದ ಬಗ್ಗೆ ಬಹಿರಂಗ ವಿಚಾರಣೆ ನಡೆಸಿದರು. ಜನ ಅದನ್ನು ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿದರು. ಒಂದು ದಿನ ಸಿಬಿಎಸ್ ವಾಹಿನಿ ವಿಚಾರಣೆಯ ಬದಲು ಹಳೆಯ ಹಾಸ್ಯ ಧಾರಾವಾಹಿಯನ್ನು ಮರುಪ್ರಸಾರ ಮಾಡಿದ್ದಕ್ಕೆ ಅದರ ಸುದ್ದಿ ವಿಭಾಗದ ಮುಖ್ಯಸ್ಥರೇ ರಾಜೀನಾಮೆ ಕೊಟ್ಟು ಹೊರನಡೆದರು. ಜಾನ್ಸನ್ ಅವರೊಂದಿಗಿನ ಸ್ನೇಹ ಮುರಿದುಬಿತ್ತು.

1974ರ ಒಳಚುನಾವಣೆಯಲ್ಲಿ ಡೇಲ್ ಬಂಪರ್ಸ್ ಅವರೆದುರು ಫುಲ್‌ಬ್ರೈಟ್ ಸೋತರು. ವಿದ್ಯಾರ್ಥಿಯಾಗಿದ್ದಾಗ ಅವರ ಸಮಿತಿಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ್ದ ಬಿಲ್ ಕ್ಲಿಂಟನ್, ಅಧ್ಯಕ್ಷರಾದ ಮೇಲೆ 1993ರಲ್ಲಿ ದೇಶದ ಅತ್ಯುನ್ನತ ನಾಗರಿಕ ಪದಕ ನೀಡಿ ಗೌರವಿಸಿದರು. 1995ರ ಫೆಬ್ರವರಿ 9ರಂದು, 89ರ ವಯಸ್ಸಿನಲ್ಲಿ ಅವರು ವಾಷಿಂಗ್ಟನ್‌ನಲ್ಲಿ ನಿಧನರಾದರು. ಫೆಯೆಟ್‌ವಿಲ್‌ನ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅವರ ಪ್ರತಿಮೆಯನ್ನು ತೆಗೆಯಬೇಕೆಂದು 2020ರಲ್ಲಿ ಕೂಗೆದ್ದಿತು. ಪ್ರತಿಮೆ ಇರಲಿ, ಜೊತೆಗೆ ಅವರ ಪೂರ್ಣ ಚರಿತ್ರೆಯನ್ನೂ ತಿಳಿಸಲಾಗಲಿ ಎಂದು 2021ರಲ್ಲಿ ಆಡಳಿತ ಮಂಡಳಿ ತೀರ್ಮಾನಿಸಿತು.