ರೈತರ ಮನೆಬಾಗಿಲಿಗೆ ಬಂದ ಶಾಲೆ: ಜಾರ್ಜ್ ವಾಷಿಂಗ್ಟನ್ ಕಾರ್ವರ್

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂದೊಡನೆ ಬಹುಮಂದಿಗೆ ನೆನಪಾಗುವುದು ನೆಲಗಡಲೆ. ನೆಲಗಡಲೆಯೊಂದರಿಂದಲೇ ಮುನ್ನೂರು ಬಗೆಯ ಪದಾರ್ಥಗಳನ್ನು ತೆಗೆದ ವಿಜ್ಞಾನಿ ಎಂದು ಅಮೆರಿಕದ ಪತ್ರಿಕೆಗಳು ಅವರನ್ನು ಕೊಂಡಾಡಿದವು. ಆ ಕೀರ್ತಿಯ ಮರೆಯಲ್ಲಿ ಅವರ ನಿಜವಾದ ದುಡಿಮೆ ಮಂಕಾಯಿತು. ಅಲಬಾಮಾ ರಾಜ್ಯದ ಹತ್ತಿಯ ಸೀಮೆಯಲ್ಲಿ, ಬಹುಪಾಲು ಓದುಬರಹವೂ ಸ್ವಂತ ನೆಲವೂ ಇಲ್ಲದ ಕಪ್ಪು ರೈತ ಕುಟುಂಬಗಳಿಗೆ ಬೇಸಾಯದ ತಿಳಿವಳಿಕೆ ಮುಟ್ಟಿಸಲು ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸವೆದರು.

ಕಾರ್ವರ್ ಅವರ ಜನ್ಮದಿನ ಯಾವ ದಾಖಲೆಯಲ್ಲಿಯೂ ಇಲ್ಲ. ಗುಲಾಮರ ಮಕ್ಕಳಿಗೆ ಜಾತಕ ಬರೆಸುವವರು ಯಾರು? 1864ರ ಸುಮಾರಿಗೆ ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಬಳಿ, ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತನ ಒಡೆತನದಲ್ಲಿದ್ದ ಮೇರಿ ಎಂಬಾಕೆಯ ಮಗನಾಗಿ ಹುಟ್ಟಿದರು. ಹಸುಗೂಸಾಗಿದ್ದಾಗಲೇ ದರೋಡೆಕೋರರ ತಂಡವೊಂದು ತಾಯಿಯನ್ನೂ ಮಗುವನ್ನೂ ಹೊತ್ತೊಯ್ದಿತು. ಮಗು ಮರಳಿ ಸಿಕ್ಕಿತು; ಅದನ್ನು ತಂದುಕೊಟ್ಟವನಿಗೆ ಮೋಸೆಸ್ ಒಂದು ಕುದುರೆಯನ್ನು ಕೊಟ್ಟನೆಂದು ಹೇಳುತ್ತಾರೆ. ತಾಯಿ ಏನಾದಳೆಂಬುದು ಕಡೆಗೂ ತಿಳಿಯಲಿಲ್ಲ. ಗುಲಾಮಗಿರಿ ರದ್ದಾದ ಮೇಲೆ ಮೋಸೆಸ್ ದಂಪತಿಗಳೇ ಬಾಲಕನನ್ನೂ ಅವನ ಅಣ್ಣನನ್ನೂ ಸಾಕಿದರು. ದುರ್ಬಲ ದೇಹದ ಬಾಲಕ ಹೊಲದ ಕೆಲಸಕ್ಕಿಂತ ಅಡುಗೆ, ಹೊಲಿಗೆ, ಕೈತೋಟಗಳಲ್ಲಿಯೇ ಬೆಳೆದನು. ಬಾಡಿದ ಗಿಡಗಳನ್ನು ಚಿಗುರಿಸುವ ಅವನ ಕೈಗುಣ ನೆರೆಹೊರೆಯಲ್ಲಿ ಹೆಸರಾಯಿತು.

ಓದಿನ ಹಾದಿ ಮಾತ್ರ ಕಲ್ಲುಮುಳ್ಳಿನದು. ಊರಿನ ಶಾಲೆ ಬಿಳಿಯರಿಗೆ ಮೀಸಲು. ಅಕ್ಷರಕ್ಕಾಗಿ ಊರೂರು ಅಲೆದು, ಅವರಿವರ ಬಟ್ಟೆ ಒಗೆದು ಹೊಟ್ಟೆ ಹೊರೆಯಬೇಕಾಯಿತು. ಕ್ಯಾನ್ಸಸ್‌ನ ಕಾಲೇಜೊಂದು ಅಂಚೆಯ ಮೂಲಕ ಪ್ರವೇಶ ಕೊಟ್ಟು, ಎದುರಿಗೆ ಬಂದು ನಿಂತವನ ಮೈಬಣ್ಣ ಕಂಡು ಬಾಗಿಲು ಮುಚ್ಚಿತು. 1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜಿಗೆ ಸೇರಿದ್ದು ಚಿತ್ರಕಲೆ ಕಲಿಯಲು. ಅವರ ಕುಂಚದಲ್ಲಿ ಮೂಡುತ್ತಿದ್ದ ಗಿಡಮರಗಳನ್ನು ಕಂಡ ಅಲ್ಲಿನ ಶಿಕ್ಷಕಿ ಎಟ್ಟಾ ಬಡ್, ಸಸ್ಯಶಾಸ್ತ್ರ ಓದುವಂತೆ ಏಮ್ಸ್‌ನ ಕೃಷಿ ಕಾಲೇಜಿಗೆ ಕಳಿಸಿದರು. ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿಯಾದ ಕಾರ್ವರ್ 1894ರಲ್ಲಿ ಪದವಿಯನ್ನೂ 1896ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ಅದೇ ವರ್ಷ ಟಸ್ಕಿಗೀ ಸಂಸ್ಥೆಯ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ಅವರಿಂದ ಕರೆ ಬಂದಿತು. ಅಲಬಾಮಾದ ಈ ಸಂಸ್ಥೆಯಲ್ಲಿ ಪ್ರಯೋಗಾಲಯವೇ ಇರಲಿಲ್ಲ. ಗುಜರಿಯಲ್ಲಿ ಹೆಕ್ಕಿದ ಬಾಟಲಿ, ಡಬ್ಬಿ, ತಂತಿಗಳಿಂದಲೇ ಕಾರ್ವರ್ ಪ್ರಯೋಗದ ಸಾಮಗ್ರಿ ಹೊಂದಿಸಿದರು. ಆದರೆ ಅವರನ್ನು ಕಂಗೆಡಿಸಿದ್ದು ಹೊರಗಿನ ನೆಲ. ವರ್ಷದಿಂದ ವರ್ಷಕ್ಕೆ ಹತ್ತಿಯೊಂದನ್ನೇ ಬೆಳೆದು ಮಣ್ಣಿನ ಸಾರವೆಲ್ಲ ಬತ್ತಿಹೋಗಿತ್ತು. ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಹೊಲಗಳಲ್ಲಿ ಕೊರಕಲು ಬಿದ್ದಿತ್ತು. ಉಳುವವರಲ್ಲಿ ಬಹುಪಾಲು ಜನ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಗೇಣಿದಾರರು. ಬೀಜಕ್ಕೆ, ಗೊಬ್ಬರಕ್ಕೆ, ತಿನ್ನುವ ಕಾಳಿಗೆ ಅಂಗಡಿಯಲ್ಲಿ ಸಾಲ ಮಾಡಿ, ಸುಗ್ಗಿಯಲ್ಲಿ ಹತ್ತಿ ಮಾರಿ ತೀರಿಸಬೇಕು. ತೀರದ ಬಾಕಿ ಮುಂದಿನ ವರ್ಷಕ್ಕೆ. ಸಾಲ ಕೊಟ್ಟವನಿಗೆ ಹತ್ತಿಯೇ ಬೇಕಾದುದರಿಂದ ಗುಡಿಸಲಿನ ಹೊಸಿಲವರೆಗೂ ಹತ್ತಿಯನ್ನೇ ಬಿತ್ತುತ್ತಿದ್ದರು. ಸೊಪ್ಪಿನ ಮಡಿಗೂ ಜಾಗ ಉಳಿಯುತ್ತಿರಲಿಲ್ಲ.

ಇಂಥವರಿಗೆ ಅಂಗಡಿಯ ಗೊಬ್ಬರ ಕೊಳ್ಳಿರೆಂದು ಹೇಳಿ ಪ್ರಯೋಜನವೇನು? ಕಾಸು ಖರ್ಚಿಲ್ಲದೆ ಕೈಗೆ ಸಿಗುವುದನ್ನೇ ಕಾರ್ವರ್ ಬೋಧಿಸಿದರು. ಕಾಡಿನ ತರಗೆಲೆ, ಜೌಗಿನ ಗೋಡು, ಕೊಟ್ಟಿಗೆಯ ಕಸ ಸೇರಿಸಿ ತಿಪ್ಪೆಗೊಬ್ಬರ ಮಾಡಿ ಎಂದರು. ಹತ್ತಿಯ ನಡುವಿನ ವರ್ಷಗಳಲ್ಲಿ ಅಲಸಂದೆ, ನೆಲಗಡಲೆ ಬಿತ್ತಿದರೆ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುವೆಂದು ವಿವರಿಸಿದರು. ರಾಗಿಯೊಡನೆ ಅವರೆ, ತೊಗರಿಗಳ ಅಕ್ಕಡಿ ಸಾಲು ಬಿತ್ತುವ ನಮ್ಮ ರೈತರಿಗೆ ಇದು ಹೊಸತೆನಿಸದು. ಹತ್ತಿಯ ಸಾಲದಲ್ಲಿ ಸಿಕ್ಕಿಬಿದ್ದ ಅಲಬಾಮಾದಲ್ಲಿ ಇದನ್ನು ನಡೆಸುವುದು ಸುಲಭವಿರಲಿಲ್ಲ.

1898ರಿಂದ ಅವರು ಕಿರುಪುಸ್ತಿಕೆಗಳನ್ನು ಹೊರತಂದರು. ಓಕ್ ಮರದ ಕಾಯಿಗಳನ್ನು ಜಾನುವಾರುಗಳಿಗೆ ಮೇವಾಗಿ ಬಳಸುವ ಬಗೆಯೇ ಮೊದಲನೆಯದರ ವಿಷಯ. ಒಟ್ಟು ನಲವತ್ತಕ್ಕೂ ಹೆಚ್ಚು ಬಂದವು. ಮೊದಲು ಬೆಳೆಯುವ ಕ್ರಮ, ಅನಂತರ ಅದೇ ಬೆಳೆಯ ಅಡುಗೆ. 1916ರ ಪುಸ್ತಿಕೆಯಲ್ಲಿ ನೆಲಗಡಲೆಯನ್ನು 105 ಬಗೆಯಲ್ಲಿ ತಿನ್ನುವ ವಿಧಾನಗಳಿದ್ದವು. ಹೊಲದ ಪಾಠವನ್ನು ಒಲೆಯ ಬಳಿಗೆ ತಂದುದೇ ಅವರ ಜಾಣ್ಮೆ. ಮನೆಯ ಹೆಂಗಸರು ಒಪ್ಪದ ಬೆಳೆ ಹೊಲದಲ್ಲಿ ನಿಲ್ಲದು.

ಓದಲು ಬಾರದವರಿಗಾಗಿ 1906ರಲ್ಲಿ ಬಂಡಿಯೇ ಹೊರಟಿತು. ನ್ಯೂಯಾರ್ಕಿನ ಸಾಹುಕಾರ ಮಾರಿಸ್ ಜೆಸಪ್ ಅವರ ಹಣದಲ್ಲಿ ಸಿದ್ಧವಾದ ಈ ಬಂಡಿಯಲ್ಲಿ ನೇಗಿಲು, ಬೀಜ, ಗೊಬ್ಬರ, ಬೆಣ್ಣೆ ಕಡೆಯುವ ಸಾಧನಗಳಿದ್ದವು. ಹೊಲದ ಅಂಚಿನಲ್ಲಿ ನಿಲ್ಲಿಸಿ, ನೆರೆದವರ ಕಣ್ಣೆದುರಿಗೆ ಉತ್ತು ತೋರಿಸುತ್ತಿದ್ದರು. ಅದನ್ನು ನಡೆಸಿದ ಥಾಮಸ್ ಕ್ಯಾಂಪ್‌ಬೆಲ್ ಅದೇ ವರ್ಷ ಅಮೆರಿಕ ಸರಕಾರದ ಮೊದಲ ಕಪ್ಪು ಕೃಷಿ ವಿಸ್ತರಣಾ ಅಧಿಕಾರಿಯಾದರು. ಕೃಷಿ ವಿಸ್ತರಣೆ ಇಡೀ ದೇಶದ ಶಾಸನವಾದದ್ದು 1914ರಲ್ಲಿ.

ಕಾರ್ವರ್ ಅವರಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಆಡಳಿತ ಅವರಿಗೆ ಒಗ್ಗುತ್ತಿರಲಿಲ್ಲ. ಸಂಸ್ಥೆಯ ಕೋಳಿಸಾಕಣೆಯ ಲೆಕ್ಕಪತ್ರಗಳ ವಿಷಯದಲ್ಲಿ ವಾಷಿಂಗ್ಟನ್ ಅವರೊಡನೆ ವರ್ಷಗಟ್ಟಲೆ ತಿಕ್ಕಾಟ ನಡೆಯಿತು. ರಾಜೀನಾಮೆಯ ಬೆದರಿಕೆ ಪದೇ ಪದೇ ಬರುತ್ತಿತ್ತು. 1921ರಲ್ಲಿ ಆಮದು ಸುಂಕದ ವಿಚಾರವಾಗಿ ಸಂಸತ್ತಿನ ಸಮಿತಿಯೆದುರು ಹತ್ತು ನಿಮಿಷದ ಅವಕಾಶ ಪಡೆದು ಅದನ್ನೂ ಮೀರಿ ಮಾತನಾಡಿ ಸದಸ್ಯರನ್ನು ಬೆರಗುಗೊಳಿಸಿದ ಮೇಲೆ ಅವರು ನೆಲಗಡಲೆಯ ಮಾಂತ್ರಿಕರೇ ಆಗಿಬಿಟ್ಟರು. ಪಟ್ಟಿಯಲ್ಲಿದ್ದ ಪದಾರ್ಥಗಳಲ್ಲಿ ಹಲವು ಮೊದಲೇ ತಿಳಿದಿದ್ದವು, ಮಾರುಕಟ್ಟೆ ಕಂಡವು ಕೆಲವೇ. ನೆಲಗಡಲೆಯ ಬೆಣ್ಣೆಯೂ ಅವರ ಶೋಧವಲ್ಲ. ಅವರು ಪಡೆದ ಪೇಟೆಂಟುಗಳು ಮೂರೇ.

ಸಾಲ ಮತ್ತು ಗೇಣಿಯ ಬಿಗಿ ಸಡಿಲವಾಗದೆ ಬರಿಯ ತಿಳಿವಳಿಕೆಯಿಂದ ರೈತನ ಬಡತನ ನೀಗಲಿಲ್ಲವೆಂಬುದೂ ನಿಜ. ಅವರ ಮಾತು ಕೇಳಿದವರ ಮನೆಯಲ್ಲಿ ಗೆಣಸು, ಕೋಳಿ, ಹಾಲು ಕಂಡಿತು. ನೆಲದ ಹಕ್ಕು ಬರಲಿಲ್ಲ. 1910ರ ದಶಕದಲ್ಲಿ ಹತ್ತಿಕಾಯಿಯ ಮೂತಿಹುಳು ಅಲಬಾಮಾವನ್ನು ಹೊಕ್ಕು ಹತ್ತಿಯನ್ನು ಹಾಳುಗೆಡವಿದಾಗ ಆ ಗೆಣಸು, ಅಲಸಂದೆಗಳೇ ಹೊಟ್ಟೆಗೆ ಆಸರೆ.

ಮದುವೆಯಾಗದ, ಸಂಬಳದ ಹೆಚ್ಚಳವನ್ನು ಬಯಸದ ಕಾರ್ವರ್, ಹಳೆಯ ಕೋಟಿನ ಗುಂಡಿಮನೆಗೆ ನಿತ್ಯ ಒಂದು ಹೂ ಸಿಕ್ಕಿಸಿಕೊಂಡು ಟಸ್ಕಿಗೀಯಲ್ಲೇ ಉಳಿದರು. ಉಳಿತಾಯದ ಹಣವನ್ನು 1940ರಲ್ಲಿ ತಮ್ಮ ಹೆಸರಿನ ಸಂಶೋಧನಾ ಪ್ರತಿಷ್ಠಾನಕ್ಕೆ ಕೊಡತೊಡಗಿದರು. 1943ರ ಜನವರಿ 5ರಂದು ತೀರಿಕೊಂಡಾಗ ಬುಕರ್ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲಿಯೇ ಅವರನ್ನು ಮಣ್ಣುಮಾಡಲಾಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಅಮೆರಿಕ ಸರಕಾರ ಮೋಸೆಸ್ ಕಾರ್ವರ್ ಅವರ ಹೊಲವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.